ಹದಿನೆಂಟನೆಯ ಪ್ರಯಾಣಿಕ

ವಿಜಯಪುರ ಜಿಲ್ಲೆಯ ಹಳ್ಳಿಗಾಡಿನಲ್ಲಿ ಸಂಚರಿಸಿದ ವಾಚಕರಿಗೆ ಕ್ರೂಸರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಸ್ಸು ಬಾರದ ಹೊತ್ತಿನಲ್ಲಿ ಬರುವುದು ಅದು. ಬಸ್ಸು ನಿಲ್ಲದ ತಾಣದಲ್ಲಿ ನಿಲ್ಲುವುದೂ ಅದೇ. ಸಂತೆಗೆ, ಜಾತ್ರೆಗೆ, ಮದುವೆಗೆ, ಆಸ್ಪತ್ರೆಗೆ, ನಮ್ಮ ಕಾಲೇಜಿಗೆ ಎಲ್ಲಕ್ಕೂ ಅದೊಂದೇ ವಾಹನ. ಮಾಲೀಕ ಊರಿನವನು, ಚಾಲಕ ಅವನ ತಮ್ಮನೋ ಅಳಿಯನೋ. ಕಾನೂನಿನ ಭಾಷೆಯಲ್ಲಿ ಇದರ ಹೆಸರು ಮ್ಯಾಕ್ಸಿ ಕ್ಯಾಬ್. ಚಾಲಕನನ್ನು ಬಿಟ್ಟು ಆರಕ್ಕೆ ಮೇಲ್ಪಟ್ಟು ಹನ್ನೆರಡರವರೆಗೆ ಪ್ರಯಾಣಿಕರನ್ನು ಒಯ್ಯುವ ವಾಹನವೆಂದು ೧೯೮೮ರ ಮೋಟಾರು ವಾಹನ ಕಾಯಿದೆ ಇದನ್ನು ವರ್ಣಿಸುತ್ತದೆ. ಹನ್ನೆರಡೆಂಬ ಆ ಸಂಖ್ಯೆಯನ್ನು ನಮ್ಮ ಕಡೆ ಯಾರೂ ಮನಸ್ಸಿಗೆ ಹಚ್ಚಿಕೊಂಡಂತಿಲ್ಲ.

ಕಳೆದ ವರ್ಷ ಇಂಥ ಗಾಡಿಯೊಂದರ ಹಿಂದೆ ಜೋತುಕೊಂಡು ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬನು, ಗಾಡಿ ತಿರುವಿನಲ್ಲಿ ಮಗುಚಿದಾಗ, ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡ. ಬಿ.ಎ. ಎರಡನೆಯ ವರ್ಷದವನು, ಸಂಜೆಯ ಹೊತ್ತು ತಂದೆಯ ಹೊಲಿಗೆಯಂತ್ರಕ್ಕೆ ಕೂರುತ್ತಿದ್ದ. ಆಸ್ಪತ್ರೆಯಿಂದ ಮರಳಿದ ವಾರದೊಳಗೇ ಮನೆಯಲ್ಲಿ ಹಿರಿಯರು ಸೇರಿದರು. ನಲವತ್ತು ಸಾವಿರಕ್ಕೆ ರಾಜಿಯ ಮಾತು. “ಅವನೂ ನಮ್ಮವನs ಅದಾನ, ಕೋರ್ಟು ಕಚೇರಿ ಯಾಕ ಬೇಕು?” ಎಂಬುದು ಅವರ ವಾದ. ಹುಡುಗ ನನ್ನಲ್ಲಿಗೆ ಬಂದು ಕೇಳಿದ್ದು ಬೇರೆಯೇ: “ಸರ, ನಾ ಸೀಟಿನ ಮ್ಯಾಲ ಕುಂತಿದ್ದಿಲ್ಲ. ನನಗ ಪರಿಹಾರ ಬರ್ತದೇನ್ರಿ?”

ನಾನು ಕನ್ನಡ ಪಾಠ ಹೇಳುವವನು, ವಕೀಲನಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಕಾಯಿದೆಯ ಪುಟಗಳಿಗೆ ಎಳೆದೊಯ್ಯಿತು.

೨೦೧೯ರ ತಿದ್ದುಪಡಿಯ ಬಳಿಕ ೧೪೭ನೆಯ ಕಲಂ ಸ್ಪಷ್ಟವಾಗಿಯೇ ಇದೆ. ಪ್ರಯಾಣಿಕರನ್ನು ಒಯ್ಯುವ ಬಾಡಿಗೆ ವಾಹನದ ಕಡ್ಡಾಯ ವಿಮೆ ಅದರ ಪ್ರಯಾಣಿಕನಿಗೂ ಅನ್ವಯಿಸಬೇಕು. ಹೊರಗಿಟ್ಟಿರುವುದು ಸರಕು ವಾಹನದಲ್ಲಿ ಪುಕ್ಕಟೆಯಾಗಿ ಹೋಗುವವರನ್ನು. ಲಾರಿ, ಟ್ರ್ಯಾಕ್ಟರುಗಳಲ್ಲಿ ದಿಬ್ಬಣ ಹೊರಡಿಸುವ ನಮ್ಮ ಜನರಿಗೆ ಈ ಒಂದು ವಾಕ್ಯವನ್ನು ಯಾರೂ ಓದಿ ಹೇಳಿಲ್ಲವೆಂಬುದು ಬೇರೆ ಮಾತು.

ಆದರೆ ಹನ್ನೆರಡು ಮಂದಿಗೆ ವಿಮೆಯಿದ್ದು ಹದಿನೆಂಟು ಮಂದಿ ಗಾಯಗೊಂಡರೆ? ೨೦೦೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥದೇ ತೊಡಕನ್ನು ಬಿಡಿಸಬೇಕಾಯಿತು. ೪೨ ಜನರ ಬಸ್ಸಿನಲ್ಲಿ ೯೦ ಜನ ಇದ್ದರು. ವಿಮಾ ಕಂಪನಿ ೪೨ ಮಂದಿಗೆ ಮಾತ್ರ ಬದ್ಧ, ಆದರೆ ಆ ೪೨ ಎಂದರೆ ಅತ್ಯಧಿಕ ಮೊತ್ತದ ೪೨ ಪರಿಹಾರಗಳು. ಅವುಗಳ ಒಟ್ಟು ಹಣವನ್ನು ಎಲ್ಲರಿಗೂ ಅವರವರ ಪಾಲಿನ ಪ್ರಮಾಣದಲ್ಲಿ ಹಂಚಬೇಕು ಎಂದು ನ್ಯಾಯಾಲಯ ತೀರ್ಮಾನಿಸಿತು. ನಮ್ಮ ಕ್ರೂಸರಿಗೆ ಈ ಲೆಕ್ಕ ಹಾಕಿ ನೋಡೋಣ. ಹದಿನೆಂಟು ಮಂದಿಗೂ ತಲಾ ೩ ಲಕ್ಷ ತೀರ್ಪಾದರೆ ಕಂಪನಿ ಕೊಡುವುದು ೩೬ ಲಕ್ಷ. ಒಬ್ಬೊಬ್ಬರ ಕೈಸೇರುವುದು ೨ ಲಕ್ಷ. ಉಳಿದ ಒಂದೊಂದು ಲಕ್ಷವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬೇಕು. ಮಾಲೀಕನಿಗೆ ಇರುವ ಆಸ್ತಿ ಮಗುಚಿ ಬಿದ್ದ ಆ ಗಾಡಿಯೇ. ೨೦೧೧ರಲ್ಲಿ ಇನ್ನೊಂದು ಪೀಠ ಇದಕ್ಕಿಂತ ಮೃದುವಾಯಿತು: ಕಂಪನಿ ಮೊದಲು ಎಲ್ಲರ ಹಣವನ್ನೂ ಕಟ್ಟಲಿ, ಹೆಚ್ಚಿನದನ್ನು ಆಮೇಲೆ ಮಾಲೀಕನಿಂದ ತಾನೇ ಪಡೆಯಲಿ ಎಂದಿತು. ವಸೂಲಿಯ ಕಷ್ಟವನ್ನು ಗಾಯಾಳುವಿನ ಹೆಗಲಿನಿಂದ ಇಳಿಸಿ ಕಂಪನಿಯ ಹೆಗಲಿಗೇರಿಸುವ ಈ ಎರಡನೆಯ ದಾರಿಯೇ ನನಗೆ ನ್ಯಾಯವೆಂದು ತೋರುತ್ತದೆ. ಹೆಚ್ಚು ಜನರನ್ನು ತುಂಬಿದ ತಪ್ಪು ಹತ್ತಿದವನದಲ್ಲ. ಹತ್ತದಿದ್ದರೆ ಅವನಿಗೆ ಆ ದಿನ ಪಾಠವಿಲ್ಲ.

ಗಾಯದ ಬೆಲೆಯನ್ನು ಕಟ್ಟುವ ಬಗೆ ಇದಕ್ಕಿಂತ ಸೂಕ್ಷ್ಮವಾದುದು. ೨೦೧೦ರ ತೀರ್ಪೊಂದರಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಅಂಗಕ್ಕೆ ಬಂದ ಊನವೇ ಬೇರೆ, ಗಳಿಕೆಗೆ ಬಂದ ಊನವೇ ಬೇರೆ ಎಂದು ವಿವರಿಸಿದರು. ಎಡಗೈ ಹೋದ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ. ಅದೇ ಕೈ ಹೋದ ಸರ್ಕಾರಿ ಗುಮಾಸ್ತ ನೌಕರಿಯಲ್ಲಿ ಮುಂದುವರಿಯಬಹುದು. ವಿವೇಕದ ಮಾತು. ಆದರೆ ವಿದ್ಯಾರ್ಥಿಯ ಕೈ ಯಾರ ಕೈ? ನಾಳೆ ಅದು ಗುಮಾಸ್ತನದಾಗಬಹುದು, ದರ್ಜಿಯದಾಗಬಹುದು. ನಾವು ಪಾಠ ಹೇಳುವುದು ಅವನು ಗುಮಾಸ್ತನೋ ಮೇಷ್ಟರೋ ಆಗಲೆಂದು. ಅವನ ತಂದೆ ಮಾತ್ರ ಯಂತ್ರದ ಮುಂದಿನ ಖಾಲಿ ಕುರ್ಚಿಯನ್ನು ನೋಡುತ್ತಿದ್ದಾನೆ.

ರಾಜಿಯ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಹೆಚ್ಚಿನ ಪ್ರಕರಣಗಳು ಅಲ್ಲಿಯೇ ಕೊನೆಗಾಣುತ್ತವೆಂಬುದು ನಾನು ಕಂಡದ್ದು. ಅರ್ಜಿಯಲ್ಲಿ ಮಾಲೀಕನ ಹೆಸರೂ ಎದುರುದಾರನಾಗಿ ಬರುತ್ತದೆ. ಹಣ ಬರುವುದು ವಿಮಾ ಕಂಪನಿಯಿಂದಲೆಂದು ಎಷ್ಟು ಹೇಳಿದರೂ, ಊರಿನವನ ಮೇಲೆ ದಾವೆ ಹೂಡಿದರೆಂಬ ಮಾತೇ ಉಳಿಯುತ್ತದೆ. ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಾಧಿಕರಣಕ್ಕೆ ಕಳುಹಿಸಬೇಕು, ಅದನ್ನೇ ಅರ್ಜಿಯೆಂದು ಪರಿಗಣಿಸಬಹುದು ಎಂದು ಕಾಯಿದೆ ಹೇಳುತ್ತದೆ. ದೂರೇ ದಾಖಲಾಗದಿದ್ದರೆ ವರದಿ ಎಲ್ಲಿಂದ? ಅಷ್ಟರಲ್ಲಿ ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಆರು ತಿಂಗಳ ಗಡುವೂ ಓಡುತ್ತಿರುತ್ತದೆ. ಯಾರ ತಪ್ಪೆಂದು ಸಾಧಿಸದೆಯೂ ತೀವ್ರ ಗಾಯಕ್ಕೆ ೨.೫ ಲಕ್ಷ ಕೇಳಬಹುದೆಂದು ೧೬೪ನೆಯ ಕಲಂ ಹೇಳುತ್ತದೆಂಬುದು ನಲವತ್ತು ಸಾವಿರದ ಚೌಕಾಸಿ ನಡೆಸಿದ ಹಿರಿಯರಾರಿಗೂ ತಿಳಿದಿರಲಿಲ್ಲ. ತಿಳಿದಾಗ ಅವರೇ ಮೊದಲು ಸುಮ್ಮನಾದರು. ಮಾಲೀಕನೂ ವಿಮೆಯ ಪತ್ರವನ್ನು ತಾನಾಗಿ ತಂದುಕೊಟ್ಟನೆಂಬುದನ್ನು ಹೇಳಬೇಕು.

ಅರ್ಜಿ ಗಡುವಿನೊಳಗೆ ಸಲ್ಲಿಕೆಯಾಗಿದೆ. ಹುಡುಗ ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಳ್ಳುತ್ತಿದ್ದಾನೆ. ಕಾಲೇಜಿಗೆ ಈಗಲೂ ಕ್ರೂಸರಿನಲ್ಲೇ ಬರುತ್ತಾನೆ. ಅವರ ಊರಿಗೆ ಬೆಳಗಿನ ಬಸ್ಸು ಇನ್ನೂ ಬಂದಿಲ್ಲ.