ಕಾಯಿಲೆಯನ್ನು ಮುಚ್ಚಿಟ್ಟ ಪಾಲಿಸಿ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇವು ಇಂದು ಬಹುತೇಕ ಮನೆಗಳಲ್ಲಿ ಒಬ್ಬರಿಗಾದರೂ ಇವೆ. ಅಂಥವರಿಗೆ ಆರೋಗ್ಯ ವಿಮೆ ದೊರೆಯುತ್ತದೆಯೇ, ದೊರೆತರೂ ಸಮಯಕ್ಕೆ ಒದಗುತ್ತದೆಯೇ ಎಂಬುದು ಹಲವರ ಪ್ರಶ್ನೆ. ಉತ್ತರಕ್ಕೆ ಮೊದಲು ನಮ್ಮ ಮನೆಯಲ್ಲೇ ನಡೆದುದನ್ನು ಹೇಳುತ್ತೇನೆ.

ನನ್ನ ಸೋದರಮಾವನವರು ಜವಳಿ ವ್ಯಾಪಾರಿಗಳು. 2014ರ ಜನವರಿಯಲ್ಲಿ ಆರೋಗ್ಯ ವಿಮೆ ಮಾಡಿಸಿದಾಗ ಅವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷಗಳಾಗಿದ್ದವು. ಅರ್ಜಿಯಲ್ಲಿ ಮಧುಮೇಹ ಇದೆಯೇ ಎಂಬ ಪ್ರಶ್ನೆಗೆ ಏಜೆಂಟರೇ "ಇಲ್ಲ" ಎಂದು ತುಂಬಿದರು. ಇದೆ ಎಂದರೆ ಕಂತು ಏರುತ್ತದೆ, ಸುಮ್ಮನಿರಿ ಎಂದು ಸಲಹೆಯನ್ನೂ ಕೊಟ್ಟರು. ಮಾವನವರು ಗಲ್ಲಾದ ಮುಂದೆ ಕುಳಿತೇ ಸಹಿ ಮಾಡಿದರು.

2019ರ ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳ ಹುಣ್ಣು ಮಾಯದೆ ಆಸ್ಪತ್ರೆ ಸೇರಿದರು. ಬೆರಳನ್ನು ತೆಗೆಯಬೇಕಾಯಿತು. ಸಕ್ಕರೆ ಎಷ್ಟು ವರ್ಷದಿಂದ ಎಂದು ವೈದ್ಯರು ಕೇಳಿದಾಗ ಅತ್ತೆಯವರು ಇದ್ದುದನ್ನು ಇದ್ದಂತೆ, "ಹನ್ನೊಂದು ವರ್ಷವಾಯಿತು" ಎಂದರು. ಆಸ್ಪತ್ರೆಯ ದಾಖಲೆಯಲ್ಲಿ ಬಂದ ಆ ಒಂದು ಸಾಲನ್ನು ಹಿಡಿದು ಕಂಪನಿಯವರು ಹಣವನ್ನೂ ನಿರಾಕರಿಸಿದರು, ಪಾಲಿಸಿಯನ್ನೂ ರದ್ದುಪಡಿಸಿದರು. ನನ್ನ ಬಾಯಿಂದಲೇ ಕೆಟ್ಟಿತು ಎಂದು ಅತ್ತೆಯವರು ಬಹುಕಾಲ ಕೊರಗಿದರು. ಕೆಟ್ಟುದು ಅವರ ಬಾಯಿಂದಲ್ಲ. ಆಗಿನ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ನಾಲ್ಕು ವರ್ಷ ಕಾಯಿಸಬಹುದಾಗಿತ್ತು. ನಿಜವನ್ನು ಬರೆದು ಕಂಪನಿ ಒಪ್ಪಿದ್ದರೆ ಆ ಅವಧಿ 2018ರ ಜನವರಿಗೇ ಮುಗಿದು, ಬೆರಳಿನ ಚಿಕಿತ್ಸೆಗೆ ಹಣ ಕೇಳುವ ಹಕ್ಕು ಮಾವನವರಿಗೆ ಇರುತ್ತಿತ್ತು. ಉಳಿದ ಒಂದಿಷ್ಟು ಕಂತಿನ ಹಣಕ್ಕಾಗಿ ಆ ಹಕ್ಕನ್ನು ಅವರು ಅರಿಯದೆಯೇ ಮಾರಿಕೊಂಡಿದ್ದರು.

ಈಗ ನಿಯಮ ಬದಲಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ವಿಧಿಗಳ ಪ್ರಕಾರ ಈ ಕಾಯುವ ಅವಧಿ 48 ತಿಂಗಳಿಂದ 36 ತಿಂಗಳಿಗೆ ಇಳಿದಿದೆ. ಪಾಲಿಸಿ ಪಡೆಯುವುದಕ್ಕೆ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ, ಅಥವಾ ಸಲಹೆ, ಚಿಕಿತ್ಸೆ ನೀಡಿದ ಕಾಯಿಲೆಯೇ "ಮೊದಲೇ ಇದ್ದ ಕಾಯಿಲೆ" ಎನಿಸುತ್ತದೆ. ದಿನವೂ ಮಾತ್ರೆ ನುಂಗುವವರೆಲ್ಲ ಈ ಸಾಲಿಗೇ ಸೇರುತ್ತಾರೆ. ಹಳೆಯ ಪಾಲಿಸಿಯಲ್ಲಿ ಕಳೆದ ತಿಂಗಳುಗಳ ಲೆಕ್ಕ ಕಂಪನಿ ಬದಲಾಯಿಸಿದರೂ ಜೊತೆಗೆ ಬರುತ್ತದೆ. ಆದರೆ ಕಂತು ಕಟ್ಟುವ ಗಡುವೂ ಹೆಚ್ಚುವರಿ ದಿನಗಳೂ ತಪ್ಪಿದರೆ ಎಣಿಕೆ ಮತ್ತೆ ಮೊದಲಿನಿಂದ! ವಿಮೆಯ ಮೊತ್ತವನ್ನು ನಡುವೆ ಹೆಚ್ಚಿಸಿಕೊಂಡರೆ, ಹೆಚ್ಚಾದ ಭಾಗಕ್ಕೆ ಮಾತ್ರ ಹೊಸದಾಗಿ ಕಾಯಬೇಕು.

ಇನ್ನೊಂದು ಬದಲಾವಣೆಯನ್ನು ಕೆಲವು ಏಜೆಂಟರು ತಪ್ಪಾಗಿ ಪ್ರಚಾರ ಮಾಡುತ್ತಿದ್ದಾರೆ. ಒಂದೇ ಸಮನೆ 60 ತಿಂಗಳು ನಡೆದ ಪಾಲಿಸಿಯ ಮೇಲೆ ನೀವು ಇಂಥದನ್ನು ತಿಳಿಸಿರಲಿಲ್ಲ ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ. ಮೊದಲು ಇದಕ್ಕೆ ಎಂಟು ವರ್ಷಗಳಾಗಬೇಕಿತ್ತು. ಹಾಗಾದರೆ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ವಂಚನೆ ಸಿದ್ಧವಾದರೆ ಈ ರಕ್ಷಣೆ ಇಲ್ಲವೆಂದು ಅದೇ ವಿಧಿ ಹೇಳುತ್ತದೆ. ಅರಿಯದೆ ಬಿಟ್ಟುದು ಬೇರೆ, ಬೇಕೆಂದೇ ಮುಚ್ಚಿಟ್ಟುದು ಬೇರೆ. ಅಲ್ಲದೆ ಹುಣ್ಣಾಗಲಿ ಹೃದಯಾಘಾತವಾಗಲಿ ಐದು ವರ್ಷ ತುಂಬಲೆಂದು ಕಾದು ಕುಳಿತಿರುವುದಿಲ್ಲ.

ನ್ಯಾಯಾಲಯಗಳ ನಿಲುವೂ ಹೀಗೆಯೇ ಇದೆ. ಮಧುಮೇಹವನ್ನೂ ಮೂತ್ರಪಿಂಡದ ವೈಫಲ್ಯವನ್ನೂ ತಿಳಿಸದೆ ಪಾಲಿಸಿ ಪಡೆದವರೊಬ್ಬರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ಕಂಪನಿಯ ಪರವಾಗಿ ತೀರ್ಪಿತ್ತಿತು. 2021ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯದ ಮುಂದೆ ಮತ್ತೊಂದು ಮೊಕದ್ದಮೆ ಬಂದಿತು. ಮಧುಮೇಹವಿದೆ ಎಂದು ಅರ್ಜಿಯಲ್ಲಿ ತಿಳಿಸಿಯೇ ವಿದೇಶ ಪ್ರಯಾಣದ ವಿಮೆ ಪಡೆದವರಿಗೆ ಅಮೆರಿಕೆಯಲ್ಲಿ ಇಳಿಯುತ್ತಲೇ ಹೃದಯದ ತೊಂದರೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಗಿತ್ತು. ಕಂಪನಿಯು ಹಳೆಯ ಕಾಯಿಲೆಯನ್ನೇ ಮುಂದೊಡ್ಡಿ ಹಣ ನಿರಾಕರಿಸಿತ್ತು. ಅರ್ಜಿಯಲ್ಲಿ ತಿಳಿಸಿದ್ದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿ ಪಾಲಿಸಿ ಕೊಟ್ಟ ಮೇಲೆ ಅದೇ ಕಾರಣಕ್ಕೆ ಕೈ ಎತ್ತುವಂತಿಲ್ಲವೆಂದು ನ್ಯಾಯಾಲಯ ಹೇಳಿತು.

ಇಷ್ಟಾದರೂ ಕಾನೂನಿನಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಎಲ್ಲ ವಯಸ್ಸಿನವರಿಗೂ ದೀರ್ಘಕಾಲದ ರೋಗಿಗಳಿಗೂ ಪಾಲಿಸಿಗಳಿರಬೇಕೆಂದು ಪ್ರಾಧಿಕಾರ ವಿಧಿಸಿದೆ, ನಿಜ. ಆದರೆ ಅರ್ಜಿ ಹಾಕಿದ ಪ್ರತಿಯೊಬ್ಬರನ್ನೂ ಒಪ್ಪಲೇಬೇಕೆಂಬ ಕಟ್ಟಳೆ ಕಂಪನಿಗಿಲ್ಲ. ಒಪ್ಪಿದರೂ ಹೆಚ್ಚಿನ ಕಂತು ಕೇಳಬಹುದು. ಅರವತ್ತು ದಾಟಿದವರ ಕಂತನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬಾರದೆಂದು 2025ರ ಜನವರಿಯಲ್ಲಿ ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಕುಟುಂಬಗಳು ಸ್ವತಃ ಕೊಳ್ಳುವ ಪಾಲಿಸಿಗಳ ಮೇಲಿದ್ದ ಶೇಕಡಾ 18ರ ತೆರಿಗೆಯೂ ಹೋಯಿತು. ಇವು ಸಮಾಧಾನದ ಸಂಗತಿಗಳೇ. ಆದರೆ ಸಕ್ಕರೆ ಕಾಯಿಲೆಯವರ ನಿತ್ಯದ ಖರ್ಚು ಆಸ್ಪತ್ರೆಯ ಹಾಸಿಗೆಯಲ್ಲಿಲ್ಲ, ಔಷಧಿ ಅಂಗಡಿಯ ಚೀಟಿಯಲ್ಲಿದೆ. ತಿಂಗಳು ತಿಂಗಳ ಮಾತ್ರೆ, ಇನ್ಸುಲಿನ್, ರಕ್ತಪರೀಕ್ಷೆ ಇವನ್ನು ಸಾಮಾನ್ಯ ಪಾಲಿಸಿಗಳು ಮುಟ್ಟುವುದೇ ಇಲ್ಲ. ಶಾಸನ ಮಾಡುವವರ ಕಣ್ಣು ಇನ್ನೂ ಅತ್ತ ಪೂರ್ತಿಯಾಗಿ ಹೊರಳಿಲ್ಲವೆಂಬುದು ನನ್ನ ಅಸಮಾಧಾನ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯೇ ಇಲ್ಲ. ಅರ್ಹ ಕುಟುಂಬದವರು ಮೊದಲು ಆ ಚೀಟಿಯನ್ನು ಮಾಡಿಸಿಕೊಳ್ಳುವುದು ಲೇಸು.

ಪಾಲಿಸಿ ಕೈಸೇರಿದ ಮೇಲೆ ಅದನ್ನು ಬೀರುವಿನಲ್ಲಿಟ್ಟು ಮರೆಯಬಾರದು. ಬೇಡವೆನಿಸಿದರೆ ಹಿಂದಿರುಗಿಸಲು 30 ದಿನಗಳ ಅವಕಾಶವಿದೆ. ಆ ದಿನಗಳಲ್ಲಿ ಅರ್ಜಿಯ ಪ್ರತಿಯನ್ನು ತರಿಸಿ, ಮನೆಯಲ್ಲಿ ಓದಿದ ಮಗನೋ ಸೊಸೆಯೋ ಒಂದೊಂದು ಪ್ರಶ್ನೆಯನ್ನೂ ಹಿರಿಯರ ಮುಂದೆ ಗಟ್ಟಿಯಾಗಿ ಓದಲಿ. ತಪ್ಪಿದ್ದರೆ ಕೂಡಲೇ ಕಂಪನಿಗೆ ಬರೆದು ತಿದ್ದಿಸಿರಿ. ಮುಂದೆ ಹಣ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. 30 ದಿನಗಳಲ್ಲಿ ಪರಿಹಾರವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಅತ್ತೆಯವರು 2024ರ ಆಗಸ್ಟಿನಲ್ಲಿ ತಮ್ಮ ಹೆಸರಿನಲ್ಲಿ ಹೊಸ ಪಾಲಿಸಿ ಮಾಡಿಸಿದರು. ಅವರಿಗೆ ರಕ್ತದೊತ್ತಡವಿದೆ. ಈ ಸಲ ಅರ್ಜಿಯನ್ನು ತಾವೇ ತುಂಬಿದರು. ನುಂಗುವ ಎರಡು ಮಾತ್ರೆಗಳ ಹೆಸರನ್ನೂ ಪೊಟ್ಟಣ ನೋಡಿಕೊಂಡು ಬರೆದರು. ಕಂತು ಸ್ವಲ್ಪ ಹೆಚ್ಚೇ ಬಿದ್ದಿತು. ಅವರ ಮೂವತ್ತಾರು ತಿಂಗಳು ಮುಗಿಯುವುದು 2027ರ ಆಗಸ್ಟಿಗೆ. ಆ ದಿನಾಂಕವನ್ನು ಅಡಿಗೆಮನೆಯ ಗೋಡೆಯ ಮೇಲೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಬರೆದಿಟ್ಟುಕೊಂಡಿದ್ದಾರೆ.