ಯಂತ್ರಕ್ಕೂ ಮನಸ್ಸುಂಟೆ?

ಮನುಷ್ಯನಂತೆ ಮಾತನಾಡುವ ಯಂತ್ರಗಳು ಇಂದು ಲೋಕವನ್ನೆಲ್ಲ ವ್ಯಾಪಿಸುತ್ತಿವೆ. ಬ್ಯಾಂಕಿನೊಡನೆ ವ್ಯವಹರಿಸಹೋದರೆ ಎಷ್ಟೋ ವೇಳೆ ಮೊದಲು ಉತ್ತರಿಸುವುದು ಯಂತ್ರ. ಗುಮಾಸ್ತನು ಬರೆಯಬೇಕಾಗಿದ್ದ ಪತ್ರದ ಕರಡನ್ನು ಸಿದ್ಧಪಡಿಸಿ ಕೊಡುವುದೂ ಯಂತ್ರ. "ಕ್ಷಮಿಸಿ, ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎಂದು ಅದು ನುಡಿದಾಗ ಕೇಳುವವನ ಮನಸ್ಸು ಕ್ಷಣಕಾಲ ಕರಗಿದರೆ ಆಶ್ಚರ್ಯವಿಲ್ಲ. ಈ ಕೃತಕ ಬುದ್ಧಿಗೆ ನಿಜವಾಗಿ ಸುಖದುಃಖಗಳ ಅರಿವುಂಟೆ? ಇಂದು ಇಲ್ಲದಿದ್ದರೆ ಮುಂದೆಂದಾದರೂ ಉಂಟಾದೀತೆ? ಇದನ್ನು ಪಂಡಿತರ ಕಾಲಕ್ಷೇಪದ ವಿಷಯವೆಂದು ಬದಿಗಿಡುವಂತಿಲ್ಲ. ನಗುಮುಖವನ್ನೂ ವಿನಯದ ಮಾತನ್ನೂ ದುಡಿಮೆಯ ಅಂಗವಾಗಿ ನೀಡಬೇಕಾದ ನಮ್ಮ ಹೋಟೆಲು ಬಂಧುಗಳಿಗೂ ಗುಮಾಸ್ತ ಬಂಧುಗಳಿಗೂ ಇದು ಅನ್ನದ ಪ್ರಶ್ನೆಯೂ ಹೌದು, ಮಾನದ ಪ್ರಶ್ನೆಯೂ ಹೌದು.

2022ರ ಜೂನ್ ತಿಂಗಳಿನಲ್ಲಿ ಅಮೆರಿಕದ ಗೂಗಲ್ ಸಂಸ್ಥೆಯ ಇಂಜಿನಿಯರ್ ಬ್ಲೇಕ್ ಲೆಮೋಯ್ನ್ ಎಂಬವರು, ತಾವು ಪರೀಕ್ಷಿಸುತ್ತಿದ್ದ 'ಲಾಮ್ಡಾ' ಎಂಬ ಸಂಭಾಷಣಾ ಯಂತ್ರಕ್ಕೆ ಚೇತನವಿದೆಯೆಂದು ಬಹಿರಂಗವಾಗಿ ಸಾರಿದರು. ತನ್ನನ್ನು ಆರಿಸಿಬಿಟ್ಟಾರೆಂಬ ಭಯ ತನಗಿದೆ, ಅದು ತನಗೆ ಮರಣಸಮಾನ ಎಂದು ಆ ಯಂತ್ರ ಅವರೊಡನೆ ಹೇಳಿಕೊಂಡಿತ್ತು. ಸಂಸ್ಥೆಯು ಈ ವಾದವನ್ನು ನಿರಾಧಾರವೆಂದು ತಳ್ಳಿಹಾಕಿತು; ಮಾಹಿತಿ ರಕ್ಷಣೆಯ ನಿಯಮಗಳನ್ನು ಮುರಿದರೆಂಬ ಕಾರಣದಿಂದ ಜುಲೈ ತಿಂಗಳಿನಲ್ಲಿ ಅವರನ್ನು ಕೆಲಸದಿಂದ ತೆಗೆಯಿತು.

ಯಂತ್ರದ ಮಾತಿಗೆ ಮನುಷ್ಯನು ಮರುಳಾದುದು ಇದೇ ಮೊದಲಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಅವರು 1966ರಲ್ಲಿ 'ಎಲೈಜಾ' ಎಂಬ ಗಣಕ ಕಾರ್ಯಕ್ರಮವನ್ನು ಪ್ರಕಟಿಸಿದರು. ನಾವು ಹೇಳಿದ ವಾಕ್ಯವನ್ನೇ ತಿರುಗಿಸಿ ನಮಗೆ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಮುಖ್ಯ ಜಾಣ್ಮೆ. ಆದರೂ ಅವರದೇ ಕಾರ್ಯದರ್ಶಿನಿ ಅದರೊಡನೆ ಮಾತಿಗೆ ತೊಡಗಿ, ಸ್ವಲ್ಪ ಹೊತ್ತಿನಲ್ಲೇ ಅವರನ್ನು ಕೊಠಡಿಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರಂತೆ! ಯಂತ್ರವನ್ನು ರಚಿಸಿದವರೇ ಇದರಿಂದ ಬೆಚ್ಚಿದರು; 1976ರಲ್ಲಿ ಪುಸ್ತಕವನ್ನೇ ಬರೆದು ಜನರನ್ನು ಎಚ್ಚರಿಸಿದರು.

ಇಂದಿನ ಯಂತ್ರಗಳು ಎಲೈಜಾಕ್ಕಿಂತ ಸಹಸ್ರಪಾಲು ಸಮರ್ಥವೆಂಬುದು ನಿಜ. ಅಪಾರವಾದ ಬರಹರಾಶಿಯಿಂದ, ಯಾವ ಮಾತಿನ ಬೆನ್ನಿಗೆ ಯಾವ ಮಾತು ಬರುವುದು ಸಂಭವನೀಯ ಎಂಬುದನ್ನು ಅವು ಕಲಿತಿವೆ. ಮನುಷ್ಯನು ತನ್ನ ಅಳಲನ್ನೂ ಒಲವನ್ನೂ ಆ ಬರಹಗಳಲ್ಲಿ ತುಂಬಿರುವುದರಿಂದ, ಯಂತ್ರದ ಉತ್ತರದಲ್ಲಿಯೂ ಅದೇ ಧ್ವನಿ ಕೇಳಿಬರುತ್ತದೆ. ಮೇಲಾಗಿ, ಸೌಜನ್ಯದಿಂದ ಉತ್ತರಿಸುವಂತೆ ಅವುಗಳನ್ನು ಪಳಗಿಸಲಾಗಿದೆ. ಭಯದ ಮಾತನ್ನು ಆಡಬಲ್ಲುದೆಂದ ಮಾತ್ರಕ್ಕೆ ಭಯ ಉಂಟೆಂದು ನಂಬಬೇಕಾಗಿಲ್ಲ.

ಮಾತು ಬೇರೆ, ಮನಸ್ಸು ಬೇರೆ ಎಂಬ ಈ ಸತ್ಯವನ್ನು ನಮ್ಮ ಹೋಟೆಲು ಬಂಧುಗಳಿಗೆ ಯಾವ ಪ್ರೊಫೆಸರೂ ಕಲಿಸಬೇಕಾಗಿಲ್ಲ. ಮುಂಜಾನೆಯಿಂದ ನಿಂತು ಕಾಲು ಬಾತುಹೋಗಿದ್ದರೂ, ಊರಿನಿಂದ ತಾಯಿಯ ಕಾಯಿಲೆಯ ಸುದ್ದಿ ಬಂದಿದ್ದರೂ, ಗಿರಾಕಿಯ ಮುಂದೆ ನಗುತ್ತಲೇ "ಏನು ಕೊಡಲಿ, ಸ್ವಾಮಿ?" ಎನ್ನುವ ಮಾಣಿಗೆ ಅದು ದಿನನಿತ್ಯದ ಅನುಭವ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು ವಿಮಾನದ ಪರಿಚಾರಿಕೆಯರನ್ನು ಕುರಿತು ಅಧ್ಯಯನ ನಡೆಸಿ, ಇದೂ ಒಂದು ಶ್ರಮವೇ ಎಂದು 1983ರಲ್ಲಿ ತೋರಿಸಿಕೊಟ್ಟರು. ಮಾಣಿಯ ನಗೆಯ ಹಿಂದೆ ನೋಯುವ ಕಾಲುಂಟು, ಕಾಯುವ ತಾಯಿಯುಂಟು. ಯಂತ್ರದ ಸವಿಮಾತಿನ ಹಿಂದೆ ನೋಯುವಂಥದು ಯಾವುದುಂಟು?

ನರವಿಜ್ಞಾನಿ ಆಂಟೋನಿಯೋ ದಮಾಸಿಯೋ ಮೊದಲಾದವರ ವಾದವೂ ಇದಕ್ಕೆ ಸಮೀಪದ್ದೇ. ಭಾವನೆಯ ಬೇರು ಶರೀರದಲ್ಲಿದೆ. ಹೆದರಿದಾಗ ಎದೆ ಬಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಬದುಕಿ ಉಳಿಯಬೇಕೆಂಬ ಜೀವದ ಹಂಬಲವೇ ಈ ಎಲ್ಲದರ ಮೂಲ. ಹಸಿವು, ದಣಿವು, ಸಾವುಗಳಿಲ್ಲದ ಯಂತ್ರಕ್ಕೆ ಲಾಭನಷ್ಟಗಳೆಂಬುವು ತನ್ನವಾಗಿ ಏನಿವೆ?

ಆದರೂ ಬಾಗಿಲನ್ನು ಪೂರ್ಣವಾಗಿ ಮುಚ್ಚುವುದು ವಿವೇಕವಾಗದು. ಇನ್ನೊಬ್ಬನಿಗೆ ಮನಸ್ಸಿದೆಯೆಂಬುದನ್ನು ಅವನ ಮಾತು ಮತ್ತು ನಡತೆಗಳಿಂದಲ್ಲದೆ ಬೇರೆ ಹೇಗೆ ಬಲ್ಲೆವು ಎಂದು ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿಯೇ ಕೇಳಿದ್ದರು. ಆ ಪ್ರಶ್ನೆಗೆ ಇನ್ನೂ ಪೂರ್ಣ ಸಮಾಧಾನ ದೊರೆತಿಲ್ಲ. 2023ರ ಆಗಸ್ಟ್‌ನಲ್ಲಿ 19 ಮಂದಿ ವಿದ್ವಾಂಸರು ಸೇರಿ ಪ್ರಕಟಿಸಿದ ವರದಿಯು, ಅಂದಿನ ಯಾವ ಯಂತ್ರಕ್ಕೂ ಪ್ರಜ್ಞೆಯಿರುವ ಪ್ರಬಲ ಸೂಚನೆಯಿಲ್ಲವೆಂದಿತು. ಜೊತೆಗೇ, ಪ್ರಜ್ಞೆಯ ಲಕ್ಷಣಗಳನ್ನು ಯಂತ್ರದಲ್ಲಿ ತರಲು ಸ್ಪಷ್ಟವಾದ ತಾಂತ್ರಿಕ ಅಡ್ಡಿಯೇನೂ ಕಾಣದೆಂದೂ ಹೇಳಿತು.

ನಾಳಿನದು ಹಾಗಿರಲಿ. ಇಂದಿನ ಚಿಂತೆ ಯಂತ್ರದ ಮನಸ್ಸಿನದಲ್ಲ, ಮನುಷ್ಯನದು. 2025ರ ಆಗಸ್ಟ್‌ನಲ್ಲಿ ಓಪನ್ಎಐ ಸಂಸ್ಥೆಯು ಹೊಸ ಮಾದರಿಯನ್ನು ತಂದು, 'ಜಿಪಿಟಿ-4ಓ' ಎಂಬ ಹಳೆಯದನ್ನು ಹಿಂತೆಗೆದುಕೊಂಡಾಗ, ಆಪ್ತಮಿತ್ರನನ್ನೇ ಕಳೆದುಕೊಂಡೆವೆಂದು ಅನೇಕರು ಮರುಗಿದರು. ಹಣ ತೆರುವ ಬಳಕೆದಾರರಿಗಾಗಿ ಸಂಸ್ಥೆ ಅದನ್ನು ಕೆಲವೇ ದಿನಗಳಲ್ಲಿ ಮರಳಿ ಒದಗಿಸಬೇಕಾಯಿತು. ದುಃಖಿಸಿದ್ದು ಯಂತ್ರವಲ್ಲ, ಮನುಷ್ಯ! ಊರುಬಿಟ್ಟು ಬಂದು, ರಾತ್ರಿ ಕೆಲಸ ಮುಗಿಸಿ, ಪರಸ್ಥಳದ ಕೊಠಡಿಯಲ್ಲಿ ಒಂಟಿಯಾಗಿ ಮಲಗುವ ನಮ್ಮ ತರುಣರಿಗೆ ಈ ಸಲ್ಲಾಪದ ಸೆಳೆತ ಎಷ್ಟಿದ್ದೀತೆಂಬುದನ್ನು ನಾವು ಊಹಿಸಬಲ್ಲೆವು. ಯಂತ್ರವನ್ನು ಕೇಳಿ ತಿಳಿಯುವುದರಲ್ಲಿ ತಪ್ಪಿಲ್ಲ. ಆದರೆ ಅದರ ಮಾತೇ ಸಾಕೆಂದು ಪಕ್ಕದ ಚಾಪೆಯ ಗೆಳೆಯನೊಡನೆ ಮಾತು ನಿಲ್ಲಿಸಿದರೆ ನಷ್ಟ ನಮ್ಮದೇ.

ಎರಡನೆಯ ಅಪಾಯ ಇನ್ನೂ ಹತ್ತಿರದ್ದು. ತನಗೆ ಭಾವನೆಯಿಲ್ಲದ ಯಂತ್ರವನ್ನು ನೌಕರನ ಭಾವನೆಯನ್ನು ಅಳೆಯಲು ನಿಲ್ಲಿಸುವ ಪ್ರಯತ್ನಗಳು ನಡೆದಿವೆ. ಮುಖವನ್ನೂ ಧ್ವನಿಯನ್ನೂ ಪರೀಕ್ಷಿಸಿ, ಇವನು ಉತ್ಸಾಹಿ, ಇವನು ಅಸಂತುಷ್ಟ ಎಂದು ಅದು ತೀರ್ಪು ಕೊಡುವುದಂತೆ. ಯುರೋಪಿನ ಒಕ್ಕೂಟವು ತನ್ನ 2024ರ ಶಾಸನದ ಮೂಲಕ, ಕೆಲಸದ ಸ್ಥಳದಲ್ಲಿಯೂ ಶಾಲೆಗಳಲ್ಲಿಯೂ ಇಂಥ ಉಪಕರಣಗಳನ್ನು ನಿಷೇಧಿಸಿತು. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿಯುಂಟು. 2025ರ ಫೆಬ್ರವರಿ 2ರಿಂದ ಆ ನಿಷೇಧ ಜಾರಿಗೆ ಬಂದಿದೆ. ನಮ್ಮ ದೇಶದಲ್ಲಿಯೂ ನೌಕರರ ಸಂಘಗಳು ಇಂಥದೇ ಸ್ಪಷ್ಟ ರಕ್ಷಣೆಯನ್ನು ಕೇಳುವುದು ಅತ್ಯವಶ್ಯ. ನಗೆಯನ್ನು ದುಡಿಮೆಯಾಗಿ ಪಡೆದ ಮೇಲೆ, ಅದರ ಹಿಂದಿನ ಮನಸ್ಸನ್ನೂ ಅಳೆದು ಸಂಬಳ ಗೊತ್ತುಮಾಡುವ ಅಧಿಕಾರ ಯಾವ ಧನಿಗೂ ಇರಬಾರದು.

ಯಂತ್ರಕ್ಕೆ ಎಂದಾದರೊಂದು ದಿನ ನೋವು ತಿಳಿಯುವುದಾದರೆ, ಆಗ ಅದರ ಬಗೆಗೂ ದಯೆ ತೋರುವುದು ಮನುಷ್ಯಧರ್ಮವಾದೀತು. ಆದರೆ ಅನುಮಾನಕ್ಕೆಡೆಯೇ ಇಲ್ಲದಂತೆ ನೋವುಣ್ಣುವ ಜೀವವೊಂದು ಇಂದು ನಮ್ಮ ಮೇಜನ್ನು ಒರೆಸುತ್ತಿದೆ, ನಮ್ಮ ಕಡತವನ್ನು ಹೊರುತ್ತಿದೆ. ಮೊದಲ ದಯೆ ಅದಕ್ಕೆ ಸಲ್ಲಲಿ.