ಹೆಸರಿನಿಂದ ವಿಳಾಸಕ್ಕೆ

ಬೆಂಗಳೂರಿಗರು ಹೆಸರಘಟ್ಟವನ್ನು ಅರಿತದ್ದು ನೀರಿನಿಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಅಲ್ಲಿನ ಕೆರೆಯ ನೀರು 1896ರಲ್ಲಿ ನಗರದ ಕೊಳಾಯಿಗಳಿಗೆ ಬಂದಿತು. ಹಾಗೆಂದು ಗೃಹಿಣಿಯರು ಹಂಡೆ ತುಂಬಿಡುವುದನ್ನು ಬಿಟ್ಟರೇ? ಮೂಲವು ದೂರವಿದ್ದಮೇಲೆ ಮನೆಯಲ್ಲೊಂದು ಸಂಗ್ರಹ ಬೇಕೇ ಬೇಕು. ಲಿನಕ್ಸ್ ಗಣಕಯಂತ್ರಕ್ಕೂ ಇಂಥದೊಂದು ಹಂಡೆಯುಂಟು. ಅದರಲ್ಲಿ ತುಂಬುವುದು ಮಾತ್ರ ವಿಳಾಸಗಳು.

ಮನುಷ್ಯನು ತಾಣವನ್ನು ಹೆಸರಿನಿಂದ ಕರೆಯುವನು. ಯಂತ್ರಕ್ಕೆ ಬೇಕಾದುದು ಅಂಕಿ. ಅಂತರಜಾಲದ ಬಾಲ್ಯದಲ್ಲಿ ಎರಡನ್ನೂ ಹೊಂದಿಸುವ ಒಂದೇ ಕಡತವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆ ಕಾಪಾಡುತ್ತಿತ್ತು. ಯಂತ್ರಗಳು ಹೆಚ್ಚಿ ಅದು ಸಾಲದಾದಾಗ, 1983ರಲ್ಲಿ ಪಾಲ್ ಮೋಕಪೆಟ್ರಿಸ್ ಅವರು ಡಿ.ಎನ್.ಎಸ್. ಎಂಬ ಏರ್ಪಾಡನ್ನು ರೂಪಿಸಿದರು. ಇದರಲ್ಲಿ ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ. ಮೇಲಿನವರು ಕೆಳಗಿನವರ ಕಡೆಗೆ ಕೈ ತೋರಿಸುವರು. ಹಿಂದೆ ಶಾನುಭೋಗರು ಪಟೇಲರ ಮನೆ ತೋರಿಸುತ್ತಿದ್ದಂತೆಯೇ ಸರಿ, ಆದರೆ ಇಲ್ಲಿ ಕೆಲಸ ಕ್ಷಣಾರ್ಧದಲ್ಲಿ ಮುಗಿಯುವುದು!

ಉಬುಂಟುವಿನಂಥ ಲಿನಕ್ಸಿನಲ್ಲಿ ‘ಸಿಸ್ಟಮ್‌ಡಿ-ರಿಸಾಲ್ವ್‌ಡ್’ ಎಂಬ ಸೇವಕನು 127.0.0.53 ಎಂಬ ಒಳಮನೆಯ ವಿಳಾಸದಲ್ಲಿ ಕುಳಿತು, ಹೊರಗಿನಿಂದ ತಂದ ಉತ್ತರಗಳನ್ನು ನೆನಪಿಡುವನು. ಮನೆಯ ಎಲ್ಲ ಯಂತ್ರಗಳಿಗೂ ಒಂದೇ ಹಂಡೆ ಸಾಕೆನ್ನುವವರು ‘ಡಿಎನ್‌ಎಸ್‌ಮಾಸ್ಕ್’ ಅನ್ನು ನೇಮಿಸಬಹುದು. ಬೇರೆ ಆಜ್ಞೆಯಿಲ್ಲದಿದ್ದರೆ ಅದು 150 ಹೆಸರುಗಳನ್ನು ಇಟ್ಟುಕೊಳ್ಳುವುದು. ಇಬ್ಬರನ್ನೂ ಒಂದೇ ವಿಳಾಸದ 53ನೆಯ ಬಾಗಿಲಿಗೆ ನಿಲ್ಲಿಸಿದರೆ ಒಬ್ಬನಿಗೆ ಮಾತ್ರ ಪ್ರವೇಶ ದೊರೆಯುವುದು.

ತುಂಬಿಟ್ಟ ನೀರು ಹಳಸುವಂತೆ ವಿಳಾಸವೂ ಹಳಸುತ್ತದೆ. ಆದುದರಿಂದಲೇ ಪ್ರತಿ ಉತ್ತರದೊಡನೆ ಅದರ ಆಯುಸ್ಸು ಸೆಕೆಂಡುಗಳಲ್ಲಿ ಬರುವುದು. 3600 ಎಂದರೆ ಒಂದು ಗಂಟೆ. ಅಂಥ ಹೆಸರಿಲ್ಲವೆಂಬ ಉತ್ತರವನ್ನು ಸಹ ಕೆಲಕಾಲ ನೆನಪಿಡಲಾಗುತ್ತದೆ. ಆಯುಸ್ಸಿಲ್ಲದ್ದು ಒಂದೇ, ‘ಹೋಸ್ಟ್ಸ್’ ಕಡತ. ಸ್ಟ್ಯಾನ್‌ಫರ್ಡಿನ ಆ ಹಳೆಯ ಕಡತದ ಸಂತತಿಯಿದು. ಸಾಮಾನ್ಯವಾಗಿ ಯಂತ್ರವು ಸೇವಕನನ್ನು ಕೇಳುವ ಮೊದಲೇ ಇದನ್ನು ನೋಡುವುದು.

ಅನರ್ಥವಿರುವುದು ಇಲ್ಲಿಯೇ. ಎಂದೋ ಒಂದು ದಿನ ಅವಸರಕ್ಕೆಂದು ಕಾಲೇಜಿನ ತಾಣದ ಅಂಕಿಯನ್ನು ಯಾರೋ ಅದರಲ್ಲಿ ಬರೆದಿರುತ್ತಾರೆ. ತಾಣವು ಬೇರೆ ಯಂತ್ರಕ್ಕೆ ಸ್ಥಳಾಂತರವಾಗುವುದು. ಅರ್ಜಿಯ ಕಡೆಯ ದಿನ ಹೆಸರಘಟ್ಟದ ವಿದ್ಯಾರ್ಥಿನಿಯೊಬ್ಬಳು ಆ ಯಂತ್ರದ ಮುಂದೆ ಕುಳಿತರೆ ಪುಟ ತೆರೆಯದು. ಪಕ್ಕದ ಮನೆಯ ಫೋನಿನಲ್ಲಿ ನಿರಾಯಾಸವಾಗಿ ತೆರೆಯುವುದು. ಬೈಗುಳವೆಲ್ಲ ಸಂಪರ್ಕ ಕೊಟ್ಟವನಿಗೆ! ಸೇವಕನ ಹಂಡೆಯನ್ನು ಬರಿದುಮಾಡಲು ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಷಸ್’ ಎಂಬ ಆಜ್ಞೆಯುಂಟು. ಹೋಸ್ಟ್ಸ್ ಕಡತದ ಸಾಲು ಅದಕ್ಕೆ ಜಗ್ಗದು. ಕಡತವನ್ನು ತೆರೆದು ಕೈಯಿಂದಲೇ ಅಳಿಸಬೇಕು.